ತಲೆ ಕೂಡದ ಎಂಟು

ಆ ಸೋಮವಾರ ಬೆಳಿಗ್ಗೆ ನಮ್ಮ ಪ್ರಯೋಗಾಲಯದ ಸಹಾಯಕಿ ಕಿಟಕಿ ಪಕ್ಕದ ಮೇಜಿನ ಬಳಿ ನಿಂತಿದ್ದರು. ಮಾರ್ಕರ್ ಪೆನ್ನಿನ ಮುಚ್ಚಳ ಹಲ್ಲಿನಲ್ಲಿತ್ತು. ಪಾಚಿ ಬೆಳೆಸುವ ದುಂಡು ತಟ್ಟೆಯನ್ನು ಎಡಗೈಯಲ್ಲಿ ಬೋರಲು ಹಿಡಿದು ಅದರ ಬೆನ್ನಿಗೆ ಒಂದು ಅಂಕಿ ಬರೆದರು. ಈ ಚಿತ್ರ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮುಚ್ಚಳ ಕೆಂಪು ಬಣ್ಣದ್ದು ಎಂಬುದೂ ನೆನಪಿದೆ. ಆದರೆ ಇದು ನಡೆದದ್ದು ಹೌದೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಬೇರೆ ಯಾವುದೋ ದಿನ ಕಂಡದ್ದನ್ನು ತಂದು ಆ ಸೋಮವಾರಕ್ಕೆ ಅಂಟಿಸಿಕೊಂಡೆನೋ, ಬೇಕಾಗಿತ್ತು ಎಂಬ ಕಾರಣಕ್ಕೇ ಕಟ್ಟಿಕೊಂಡೆನೋ, ಹೇಳಲಾರೆ. ಇಷ್ಟು ಮಾತ್ರ ಖಚಿತ: ಈ ಚಿತ್ರವನ್ನು ನಾನು ಒಂದು ಕೋಣೆಯಲ್ಲಿ, ಇಬ್ಬರ ಎದುರು, ಸಾಕ್ಷಿಯಂತೆ ಹೇಳಿದೆ. ಅದರಿಂದ ಆಕೆಯ ಕೆಲಸ ಹೋಯಿತು.

ಪ್ರಯೋಗಾಲಯ ಎಂದರೆ ಹೊನ್ನಾಳಿಯ ಒಂದು ಬಾಡಿಗೆ ಕಟ್ಟಡದ ಮಹಡಿಯಲ್ಲಿ ಎರಡು ಕೋಣೆ. ಕೆಳಗೆ ಕಚೇರಿ, ಅಲ್ಲಿ ಒಬ್ಬ ಗುಮಾಸ್ತರು. ಯೋಜನೆಯ ಮುಖ್ಯಸ್ಥರು ದೂರದ ಊರಿನಲ್ಲಿದ್ದು ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಮಹಡಿಯ ಮೇಲೆ ನಾನು ಮತ್ತು ಸಹಾಯಕಿ ಇಬ್ಬರೇ. ಆಕೆಗೆ ನಲವತ್ತೈದರ ಆಸುಪಾಸು. ದಿನವೂ ನ್ಯಾಮತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನೇಮಕ ವರ್ಷ ವರ್ಷಕ್ಕೆ. ಪ್ರತಿ ಮಾರ್ಚಿನಲ್ಲಿ ನಾನು ‘ಮುಂದುವರಿಸಬಹುದು’ ಎಂದು ಬರೆದುಕೊಟ್ಟರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಗಂಡನ ಕಾಯಿಲೆ ವಾಸಿಯಾದ ಮೇಲೂ ಅವರ ಮನೆಯಲ್ಲಿ ತಿಂಗಳ ಸಂಬಳ ಎಂದು ಬರುತ್ತಿದ್ದದ್ದು ಇದೊಂದೇ.

ನಮ್ಮ ಕೆಲಸ ಹಸಿರು ಪಾಚಿಯದು. ಬರಿಗಣ್ಣಿಗೆ ಕಾಣದ, ಒಂದೇ ಜೀವಕೋಶದ, ಎರಡು ಬಾಲ ಬಡಿಯುತ್ತ ಈಜುವ ಪಾಚಿ. ಒದ್ದೆ ಮಣ್ಣು ಇರುವಲ್ಲೆಲ್ಲ ಸಿಗುತ್ತದೆ. ಚನ್ನಗಿರಿ ಕಡೆಯದನ್ನು ನಾನು ಸಂತೇಬೆನ್ನೂರಿನ ಸಂತೆಯ ಹಿಂದಿನ ಚರಂಡಿಯಿಂದ ತಂದಿದ್ದೆ. ಹೊನ್ನಾಳಿಯದು ಭತ್ತದ ಗದ್ದೆಯದು. ನ್ಯಾಮತಿಯದನ್ನೂ ಜಗಳೂರಿನದನ್ನೂ ಸಹಾಯಕಿಯೇ ತಂದವರು. ಜಗಳೂರಿನಲ್ಲಿ ಅವರ ಅಕ್ಕನ ಮನೆ. ಹೋದಾಗಲೆಲ್ಲ ಅಲ್ಲಿನ ಒಣಗಿದ ಕೆರೆಯ ಅಂಗಳದಿಂದ ಒಂದು ಹಿಡಿ ಮಣ್ಣು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ನೀರು ಹಾಕಿ ಬೆಳಕಿಗಿಟ್ಟರೆ ಆ ಮಣ್ಣು ಕೆಲವೇ ದಿನಗಳಲ್ಲಿ ಹಸಿರಾಗುತ್ತಿತ್ತು.

ಹೀಗೆ ಹನ್ನೆರಡು ತಳಿ ಆರಿಸಿಕೊಂಡು ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಕೊಟ್ಟೆ. ಕೆಲವನ್ನು ಆರೋಗ್ಯವಾಗಿಯೇ ಹೋಲಿಕೆಗೆ ಇಟ್ಟುಕೊಂಡೆ. ಉಳಿದವನ್ನು ನೇರಳಾತೀತ ಬೆಳಕಿಗೆ ಹಿಡಿದು ಹಾಳುಮಾಡಿದೆ. ಹಾಳಾದವುಗಳಲ್ಲಿ ಬೆಳಕಿನಿಂದ ಆಹಾರ ಮಾಡಿಕೊಳ್ಳಲು ಬರದವನ್ನು ಮಾತ್ರ ಉಳಿಸಿಕೊಂಡೆ. ಅವು ಅಸಿಟೇಟ್, ಅಂದರೆ ಹುಳಿಯ ಉಪ್ಪು, ಬೆರೆಸಿದ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಮಬ್ಬು ಬೆಳಕಿನಲ್ಲಿ ಬದುಕುತ್ತವೆ. ಸಹಾಯಕಿ ಇದನ್ನು ಕೇಳಿ ನಕ್ಕಿದ್ದರು.

“ಅಂದ್ರೆ ದುಡುದು ತಿನ್ನಾಕೆ ಬರದೋವಕ್ಕೆ ನಾವು ಕುಂದ್ರಿಸಿ ಹುಳಿಸಾರು ಹಾಕ್ತೀವಿ. ನಮ್ಮ ಮನ್ಯಾಗೂ ಒಬ್ರು ಅದಾರೆ, ತಂದು ಬಿಡ್ಲೇನ್ರಿ ಸರ?”

ನಾಲ್ಕನೆಯ ತಳಿ ನ್ಯಾಮತಿಯದು, ಹಾಳಾದದ್ದು. ಎಂಟನೆಯದು ಜಗಳೂರಿನದು, ಆರೋಗ್ಯವಂತ. ಈ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು.

ನಾಲ್ಕರಲ್ಲಿ ಹಾಳಾದದ್ದು ಒಂದು ಪ್ರೋಟೀನ್. ಪಾಚಿಯ ಕೋಶದಲ್ಲಿ ಬೆಳಕನ್ನು ಹಿಡಿಯುವ ಭಾಗ ಕ್ಲೋರೋಪ್ಲಾಸ್ಟ್. ಅದಕ್ಕೆ ತನ್ನದೇ ಜೀನ್‌ಗಳಿವೆ, ಆ ಜೀನ್‌ಗಳಿಂದ ಆರ್‌ಎನ್‌ಎ ಎಂಬ ನಕಲು ಎಳೆಗಳು ಹೊರಡುತ್ತವೆ. ಆದರೆ ಆ ಎಳೆ ತನ್ನಷ್ಟಕ್ಕೆ ತಾನು ಉಳಿಯುವುದಿಲ್ಲ. ಮುಂತುದಿಯಿಂದ ಅದನ್ನು ಕಡಿದು ತಿನ್ನುವ ಕಿಣ್ವಗಳು ಕಾದಿರುತ್ತವೆ. ತಿನ್ನದಂತೆ ತಡೆಯುವ ಪ್ರೋಟೀನ್ ಹೊರಗಿನಿಂದ, ಕೋಶಕೇಂದ್ರದ ಅಪ್ಪಣೆಯಿಂದ ಬರಬೇಕು. ಅದು ಬಂದು ಎಳೆಯ ಮುಂತುದಿಯನ್ನು ಬಿಗಿಯಾಗಿ ಅಪ್ಪಿ ಕೂರುತ್ತದೆ. ಒಂದೊಂದು ಆರ್‌ಎನ್‌ಎಗೆ ಒಂದೊಂದು ಕಾವಲು. ಇದನ್ನು ನಾನು ಸಹಾಯಕಿಗೆ ಹಲಗೆಯ ಮೇಲೆ ಬರೆದು ವಿವರಿಸಿದಾಗ ಆಕೆ ಕೇಳಿದರು:

“ನಮ್ಮ ಬಸ್ಸಿನ ಬಾಗಲಾಗೆ ನಿಲ್ತಾನಲ್ರೀ ಒಬ್ಬ, ಹಂಗೇನು? ತಾನೂ ಒಳಗೆ ಹೋಗಂಗಿಲ್ಲ, ಹತ್ತೋರನ್ನೂ ಬಿಡಂಗಿಲ್ಲ.”

“ಹಾಗೇ. ಅವನು ಇಳಿದ ತಕ್ಷಣ ನುಗ್ಗುತ್ತಾರೆ.”

“ಮತ್ತೆ ಅವನ್ನ ಬೈಬಾರ್ದು ಬಿಡ್ರಿ.”

ನಾಲ್ಕರಲ್ಲಿ ಆ ಬಾಗಿಲಲ್ಲಿ ನಿಲ್ಲುವವನಿಲ್ಲ. ಹಾಗಾಗಿ ಆ ಒಂದು ಆರ್‌ಎನ್‌ಎ ಹುಟ್ಟಿದ ಕೂಡಲೇ ಕರಗಿಹೋಗುತ್ತದೆ. ಅದನ್ನು ಅಳೆಯುವ ವಿಧಾನ ಬೇಸರದ್ದು. ಪಾಚಿಗೆ ರಿಫಾಂಪಿಸಿನ್ ಹಾಕಬೇಕು. ಹೊಸ ಆರ್‌ಎನ್‌ಎ ಹುಟ್ಟುವುದು ನಿಲ್ಲುತ್ತದೆ. ಆಮೇಲೆ ಗಂಟೆ ನೋಡಿಕೊಂಡು ಸ್ವಲ್ಪ ಸ್ವಲ್ಪ ತೆಗೆದು, ಮಂಜುಗಡ್ಡೆಯಲ್ಲಿಟ್ಟು, ಆರ್‌ಎನ್‌ಎ ಬೇರ್ಪಡಿಸಿ, ಉದ್ದಕ್ಕೆ ತಕ್ಕಂತೆ ಎಳೆಗಳನ್ನು ವಿಂಗಡಿಸುವ ಜೆಲ್‌ನಲ್ಲಿ ಓಡಿಸಿ, ತೆಳು ಪೊರೆಗೆ ಇಳಿಸಿ, ಅಲ್ಲಿ ಮೂಡುವ ಪಟ್ಟಿಯ ದಪ್ಪದಿಂದ ಬೇಕಾದ ಎಳೆ ಎಷ್ಟು ಉಳಿದಿದೆ ಎಂದು ನೋಡಬೇಕು. ರಿಫಾಂಪಿಸಿನ್‌ನ ಇಟ್ಟಿಗೆ ಬಣ್ಣದ ಪುಡಿಯನ್ನು ಮೊದಲ ಸಲ ಕಂಡಾಗ ಆಕೆ, “ಇದು ಟಿಬಿ ಔಷಧಿ ಅಲ್ರೀ? ನಮ್ಮೆಜಮಾನ್ರು ಆರು ತಿಂಗ್ಳು ತಗಂಡ್ರು. ಉಚ್ಚೆ ಕೆಂಪಗಾಗ್ತೈತೆ ಅಂತ ಹೆದರಿ ಅರ್ಧಕ್ಕೇ ಬಿಡಾಕೆ ಹೋಗಿದ್ರು, ಬಡಿಯೋದೊಂದು ಬಾಕಿ ನಾನು” ಎಂದಿದ್ದರು. ಮಂಜುಗಡ್ಡೆ ಬಸ್ ನಿಲ್ದಾಣದ ಬಳಿಯ ಸೋಡಾ ಅಂಗಡಿಯದು. ನೀರನ್ನು ಶುದ್ಧ ಮಾಡುತ್ತಿದ್ದದ್ದು ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ. ನಮ್ಮ ಬೆರಳ ಬೆವರಿನಲ್ಲೂ ಆರ್‌ಎನ್‌ಎ ತಿನ್ನುವ ಕಿಣ್ವ ಇರುತ್ತದಾದ್ದರಿಂದ ಕೈಗವಸಿಲ್ಲದೆ ಏನನ್ನೂ ಮುಟ್ಟುವಂತಿರಲಿಲ್ಲ. ಆರಂಭದಲ್ಲಿ ಆಕೆಯನ್ನು ಇದಕ್ಕಾಗಿ ಬೈದಿದ್ದೇನೆ. ಆಮೇಲೆ ಬೈಸಿಕೊಂಡವನು ಹೆಚ್ಚಾಗಿ ನಾನೇ.

ಅಂಕಿಗಳ ವಿಷಯವೂ ಆಕೆಯದೇ ಸಲಹೆ. ಮೊದಲ ತಿಂಗಳಲ್ಲೇ ಒಂದು ದಿನ ಎರಡು ತಟ್ಟೆ ಹಿಡಿದು ಬಂದರು.

“ಸರ, ನಿಮ್ಮ ಇಂಗ್ಲಿಷ್ ಆರು ತಟ್ಟೆ ತಿರುಗಿದ್ರೆ ಒಂಬತ್ತಾಗ್ತೈತೆ. ದುಂಡಗಿನ ತಟ್ಟೆಗೆ ತಲೆ ಯಾವ್ದು, ಕಾಲು ಯಾವ್ದು? ಹೆಂಗೆ ಗುರ್ತು ಹಿಡಿಯಾಕಾಗ್ತೈತೆ?”

“ಕೆಳಗೆ ಗೆರೆ ಎಳೆಯಿರಿ.”

“ಗೆರೆ ಅಳಿಸ್ತೈತೆ. ಕನ್ನಡದಾಗೆ ಬರೀತೀನಿ. ಪಕ್ಕದಾಗೆ ಊರಿನ ಅಕ್ಷರ ಹಾಕ್ತೀನಿ, ತಲೆ ಯಾವ ಕಡೆ ಅಂತ ತಿಳೀತೈತೆ.”

ಅಂದಿನಿಂದ ನಮ್ಮ ಕಪಾಟಿನಲ್ಲಿ ‘ನ್ಯಾ ೪’, ‘ಜ ೮’, ‘ಹೊ ೬’ ಎಂದು ಸಾಲುಗಳು. ಒಳ್ಳೆಯ ವ್ಯವಸ್ಥೆ. ನಾನು ಒಪ್ಪಿದೆ. ಆದರೆ ನನ್ನ ಕೈ ಮಾತ್ರ ಇಂಗ್ಲಿಷ್ ಅಂಕಿಯನ್ನೇ ಬರೆಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ನಾನು, ತಟ್ಟೆಯ ಮೇಲೆ ಆಕೆ ಎಂದುಕೊಂಡೆವು. ಒಂದೇ ಕೋಣೆಯಲ್ಲಿ ಎರಡು ಲಿಪಿ ಇದ್ದವು, ಅದರಿಂದ ಏನಾಗಬಹುದು ಎಂದು ಯೋಚಿಸಬೇಕಾದವನು ಓದಿದವನಾದ ನಾನು.

ಎರಡನೆಯ ವರ್ಷದ ಚಳಿಗಾಲದಲ್ಲಿ ನಾಲ್ಕು ಬದುಕಿಕೊಂಡಿತು.

ನಾಲ್ಕರ ಸಾಲಿನಲ್ಲಿದ್ದ ಹೊಸ ತಟ್ಟೆಯಿಂದ ಸ್ವಲ್ಪ ಎತ್ತಿ, ಅಸಿಟೇಟ್ ಇಲ್ಲದ ಅಗರಿಗೆ ಹಚ್ಚಿ, ಪೂರ್ತಿ ಬೆಳಕಿಗೆ ಇಟ್ಟಿದ್ದೆ. ಸಾಯಬೇಕಾದದ್ದು ದಟ್ಟ ಹಸಿರಾಗಿ ಬೆಳೆಯಿತು. ಪ್ರೋಟೀನ್ ಇಲ್ಲದೆಯೂ ಆ ಆರ್‌ಎನ್‌ಎ ಉಳಿಯಲು ಒಂದು ದಾರಿಯಿದೆ: ಎಳೆಯ ಮುಂತುದಿಯೇ ಬದಲಾಗಿ, ಕಿಣ್ವದ ಹಲ್ಲಿಗೆ ಸಿಗದ ಗಂಟೊಂದು ಅಲ್ಲಿ ಹುಟ್ಟಿದರೆ. ಹಾಗಾಗಿದೆ ಎಂದುಕೊಂಡೆ. ರಿಫಾಂಪಿಸಿನ್ ಹಾಕಿ ಅಳೆದೆ. ಆರ್‌ಎನ್‌ಎ ಗಂಟೆಗಳ ಕಾಲ ನಿಂತಿತ್ತು. ಅಷ್ಟೇ ಅಲ್ಲ, ಪೊರೆಯ ಮೇಲೆ ಅದರ ಪಟ್ಟಿ ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಎಂದರೆ ಎಳೆ ಸ್ವಲ್ಪ ಉದ್ದ. ನೋಡಿ, ಮುಂತುದಿ ಬದಲಾಗಿದೆ, ಇದಕ್ಕಿಂತ ಸಾಕ್ಷಿ ಬೇಕೆ ಎಂದು ಅಂದೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಅಂದೇ ನಾಲ್ಕು ಜನಕ್ಕೆ ಹೇಳಿದರು.

ಜಗಳೂರಿನ ತಳಿಯಲ್ಲಿ ಆ ಆರ್‌ಎನ್‌ಎ ಹುಟ್ಟಿನಿಂದಲೇ ಕೂದಲೆಳೆಯಷ್ಟು ಉದ್ದ. ಅದನ್ನು ಮೊದಲ ವರ್ಷವೇ ನಾನೇ ಗುರುತಿಸಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಆ ದಿನ ನೆನಪಾಗಲಿಲ್ಲ. ಯಾರ ಮಾತನ್ನೂ ಸುಲಭಕ್ಕೆ ನಂಬುವುದಿಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ್ದವನು ನಾನು. ನನ್ನ ಮಾತನ್ನು ಮಾತ್ರ ಪರೀಕ್ಷೆಯಿಂದ ಹೊರಗಿಟ್ಟಿದ್ದೆ.

ಮರುಪ್ರಯೋಗಕ್ಕೆ ನಾಲ್ಕರ ಹಳೆಯ ತಟ್ಟೆಯಿಂದ ಶುರುಮಾಡಿದೆ. ಪಟ್ಟಿ ಬರಲಿಲ್ಲ. ಕರೆಂಟ್ ಹೋಗಿದ್ದರಿಂದ ಆರ್‌ಎನ್‌ಎ ಹಾಳಾಯಿತು ಎಂದುಕೊಂಡೆ. ಮತ್ತೆ ಮಾಡಿದೆ. ಬರಲಿಲ್ಲ. ಹೊಸ ತಟ್ಟೆಯಿಂದ ಮಾಡಿದರೆ ಬರುತ್ತದೆ, ಹಳೆಯದರಿಂದ ಮಾಡಿದರೆ ಇಲ್ಲ. ಆರು ವಾರ ಹೀಗೇ ಕಳೆಯಿತು. ಮಂಜುಗಡ್ಡೆ, ನೀರು, ಕೈಗವಸು, ಎಲ್ಲದರ ಮೇಲೂ ಅನುಮಾನಪಟ್ಟೆ. ಒಂದು ದಿನ ಸಹಾಯಕಿ ಬಾಟಲಿ ತೊಳೆಯುತ್ತಲೇ ಹೇಳಿದರು:

“ಸರ, ಸಿಟ್ಟಾಗಬ್ಯಾಡ್ರಿ. ಈ ಹೊಸ ನಾಕು ನಮ್ಮ ಊರಿಂದಲ್ಲ ಅನ್ನಿಸ್ತೈತೆ. ನ್ಯಾಮತಿದು ಅಗರ್ ಮ್ಯಾಲೆ ಹಿಂಗೆ ಉಬ್ಬಂಗಿಲ್ಲ. ಜಗಳೂರಿದು ಉಬ್ಬತೈತೆ.”

“ಕಣ್ಣಲ್ಲಿ ನೋಡಿ ತಳಿ ಹೇಳುವುದಕ್ಕೆ ಇದೇನು ಎಮ್ಮೆಯೇ?” ಎಂದೆ. ಅದನ್ನು ಅಂದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಆದರೂ ಮಾತು ಒಳಗೆ ಕೊರೆಯಿತು. ಎರಡು ದಿನ ಬಿಟ್ಟು, ಎಲ್ಲ ಅಳತೆಯನ್ನೂ ನಿಲ್ಲಿಸಿ, ಬೇರೆಯೇ ಪ್ರಶ್ನೆ ಕೇಳುವುದೆಂದು ತೀರ್ಮಾನಿಸಿದೆ. ಆರ್‌ಎನ್‌ಎ ಉಳಿದಿದೆಯೇ ಎಂದು ಕೇಳುವುದು ಬೇಡ. ಕಾವಲು ಪ್ರೋಟೀನ್ ಅಲ್ಲಿ ಕೂತಿತ್ತೇ ಎಂದು ಕೇಳಬೇಕು. ಅದಕ್ಕೆ ಪ್ರೋಟೀನನ್ನೇ ಹಿಡಿಯಬೇಕಿಲ್ಲ. ಅದು ಅಪ್ಪಿ ಕೂತ ಜಾಗದಷ್ಟು, ಇಪ್ಪತ್ತು ಚಿಲ್ಲರೆ ಅಕ್ಷರಗಳ ಚೂರು, ಉಳಿದ ಎಳೆಯೆಲ್ಲ ನಾಶವಾದ ಮೇಲೂ ತಿನ್ನಿಸಿಕೊಳ್ಳದೆ ಉಳಿಯುತ್ತದೆ. ಹೆಜ್ಜೆಗುರುತು ಎನ್ನುತ್ತೇವೆ. ಚೂರು ಸಿಕ್ಕರೆ ಪ್ರೋಟೀನ್ ಇತ್ತು. ಸಿಗದಿದ್ದರೆ ಇರಲಿಲ್ಲ. ನನ್ನ ಕಲ್ಪನೆ ನಿಜವಾಗಬೇಕಾದರೆ ಹೊಸ ನಾಲ್ಕರಲ್ಲಿ ಚೂರು ಇರಬಾರದು.

ಅಷ್ಟು ಚಿಕ್ಕ ಚೂರಿಗೆ ದಟ್ಟವಾದ ಬೇರೆ ಜೆಲ್ ಬೇಕು. ಅದನ್ನು ಎರಕಹೊಯ್ಯುವುದರಲ್ಲೇ ಮೂರು ಸಲ ಸೋತೆ. ನಾಲ್ಕನೆಯದು ನಿಂತಿತು. ಹಳೆಯ ನಾಲ್ಕು, ಹೊಸ ನಾಲ್ಕು, ಎಂಟು, ಮೂರನ್ನೂ ಅಕ್ಕಪಕ್ಕ ಓಡಿಸಿದೆ. ಹಳೆಯ ನಾಲ್ಕರಲ್ಲಿ ಏನೂ ಇಲ್ಲ. ಎಂಟರಲ್ಲಿ ಚೂರು. ಹೊಸ ನಾಲ್ಕರಲ್ಲೂ ಚೂರು, ಅದೇ ಎತ್ತರದಲ್ಲಿ, ಅದೇ ದಪ್ಪದಲ್ಲಿ. ಜಗಳೂರಿನ ಎಳೆ ಹುಟ್ಟಿನಿಂದಲೇ ಉದ್ದ ಎಂಬುದು ಆಗ ನೆನಪಾಯಿತು: ಹೊಸ ನಾಲ್ಕು ಎಂಬುದು ಎಂಟೇ. ತಟ್ಟೆಯ ಹೆಸರು ತಪ್ಪಿತ್ತು, ಅಷ್ಟೇ.

ತಟ್ಟೆಯನ್ನು ಬೋರಲು ಮಾಡಿ ನೋಡಿದೆ. ಬೆನ್ನಿನ ಮೇಲೆ ಒಂದೇ ಒಂದು ಅಂಕಿ: ಕೆಳಗೆ ಕುಣಿಕೆ, ಮೇಲೆ ಎರಡು ತೆರೆದ ತೋಳು. ಕನ್ನಡದ ೪. ಪಕ್ಕದಲ್ಲಿ ಊರಿನ ಅಕ್ಷರ ಇರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ನೋಟ್‌ಬುಕ್ ತೆರೆದೆ. ಆ ಸೋಮವಾರದ ಕೆಳಗೆ ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: ‘ಎಂಟನೆಯ ತಳಿಯನ್ನು ಹೊಸ ತಟ್ಟೆಗೆ ವರ್ಗಾಯಿಸಲಾಯಿತು.’ ವರ್ಗಾಯಿಸಿದವರು ಯಾರು ಎಂದಿಲ್ಲ. ಹಾಗೆಯೇ ಬರೆಯಬೇಕೆಂದು ನಮಗೆ ಕಲಿಸಿದ್ದಾರೆ. ಸುರಿಯಲಾಯಿತು, ಕಾಯಿಸಲಾಯಿತು, ಗಮನಿಸಲಾಯಿತು. ಕೆಲಸ ಆಗುತ್ತದೆ, ಮಾಡಿದವನು ಇರುವುದಿಲ್ಲ.

ಮುಖ್ಯಸ್ಥರು ಆ ವಾರವೇ ಬಂದರು. ನಾಲ್ಕು ಜನಕ್ಕೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದ್ದ ಸಿಟ್ಟಿನಲ್ಲಿದ್ದರು. ಕೆಳಗಿನ ಕಚೇರಿಯಲ್ಲಿ ಕೂತು ಇಬ್ಬರನ್ನೂ ಕರೆದರು. ಗುಮಾಸ್ತರು ಅಂದು ರಜೆ. ಅವರ ಕಪಾಟಿಗೆ ಬೀಗ.

“ಯಾರು ಬರೆದದ್ದು ಇದು?” ಎಂದು ನನ್ನ ಫೋನಿನ ಫೋಟೋವನ್ನೂ ನೋಟ್‌ಬುಕ್ಕಿನ ಆ ಸೋಮವಾರದ ಸಾಲನ್ನೂ ತೋರಿಸಿದರು.

ಸಹಾಯಕಿ ಬಗ್ಗಿ ನೋಡಿದರು. “ಇದು ನನ್ನ ನಾಕಲ್ರೀ. ನಾನು ಊರಿನ ಅಕ್ಷರ ಬಿಟ್ಟು ಯಾವತ್ತೂ ಬರೆಯಂಗಿಲ್ಲ. ಇದು ಇಂಗ್ಲಿಷ್ ಎಂಟು. ತಲೆ ಕೂಡಿಲ್ಲ ಅಷ್ಟೇ. ನಾನು ಸಾಲಿಗೆ ಜೋಡಿಸುವಾಗ ನಾಕು ಅಂತ ಓದ್ಕಂಡು ಅಲ್ಲಿಟ್ಟಿದೀನಿ, ಅದು ನನ್ನ ತಪ್ಪೇ. ಬರೆದಿದ್ದು ನಾನಲ್ಲ.”

“ಮತ್ತೆ ಯಾರು?”

“ಅವತ್ತು ನಾನು ಬಂದೇ ಇರ್ಲಿಲ್ರೀ. ಜಗಳೂರಿಗೆ ಹೋಗಿದ್ದೆ. ಹಾಜರಿ ಪುಸ್ತಕ ತೆಗ್ದು ನೋಡ್ರಿ.”

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ನನಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು. ನನ್ನ ಫೆಲೋಶಿಪ್ಪಿನ ಮುಂದುವರಿಕೆಯೂ ಅದೇ ಮಾರ್ಚಿಗೆ ಇತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಮತ್ತೊಂದು ‘ಲಾಯಿತು’ ಬರೆದಂತಾಗುತ್ತದೆ. ಆದರೆ ಬೇಕೆಂದೇ ಸುಳ್ಳು ಹೇಳಿದೆ ಎಂದರೂ ಅದು ಸರಿಯಲ್ಲ. ಆ ಕ್ಷಣಕ್ಕೆ ನನಗೆ ಕಂಡಿತು: ಕಿಟಕಿ, ತಟ್ಟೆ, ಹಲ್ಲಿನಲ್ಲಿ ಕೆಂಪು ಮುಚ್ಚಳ.

“ಬಂದಿದ್ದರು ಸರ್. ಅವರೇ ಬರೆದದ್ದು. ಮಾರ್ಕರಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು, ಕೆಂಪು ಮುಚ್ಚಳ. ನನಗೆ ಚೆನ್ನಾಗಿ ನೆನಪಿದೆ.”

ಮುಖ್ಯಸ್ಥರು ಆಕೆಗೆ ಹೇಳಿದರು: “ಮುಚ್ಚಳದ ಬಣ್ಣ ನೆನಪಿಟ್ಟುಕೊಂಡವರು ಸುಳ್ಳು ಹೇಳ್ತಾರೇನಮ್ಮ?”

ಆಕೆ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಜೆಲ್‌ನಲ್ಲಿ ಬರಬೇಕಾದ ಪಟ್ಟಿ ಬರದಿದ್ದಾಗ ನಾನು ನೋಡುತ್ತಿದ್ದ ಹಾಗೆ ನೋಡಿದರು. “ಪುಸ್ತಕ ನೋಡ್ರಿ ಸರ” ಎಂದು ಇನ್ನೊಮ್ಮೆ ಹೇಳಿದರು. ಬೀಗದ ಕೈ ತರಿಸೋಣ ಎಂದು ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದವನು ನಾನೊಬ್ಬನೇ. ಮುಖ್ಯಸ್ಥರ ಕಾರು ಹೊರಟಿತು. ಆ ಮಾರ್ಚಿನಲ್ಲಿ ‘ಮುಂದುವರಿಸಬಹುದು’ ಎಂದು ಬರೆಯುವ ಕಾಗದ ನನ್ನ ಮೇಜಿಗೆ ಬರಲೇ ಇಲ್ಲ. ನಾನು ಕೇಳಲೂ ಇಲ್ಲ.

ಆಮೇಲೆ ಒಂದು ವರ್ಷ ನಾನೇ ತಟ್ಟೆ ತೊಳೆದೆ. ಹೊಸದೇನೂ ಸಿಗಲಿಲ್ಲ. ಕಾವಲು ಹೋದರೆ ಎಳೆ ಹೋಗುತ್ತದೆ ಎಂಬ, ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತನ್ನು ಇನ್ನೊಮ್ಮೆ ತೋರಿಸಿ ಯೋಜನೆ ಮುಗಿಯಿತು. ಇದನ್ನು ನೆನಪಿಗೂ ಮನುಷ್ಯರಿಗೂ ಹೋಲಿಸಿ ಒಂದು ಮಾತು ಹೇಳುವ ಆಸೆ ಬಂದದ್ದುಂಟು. ಬೇಡ. ಪಾಚಿ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

ಕೋಣೆ ಖಾಲಿ ಮಾಡುವಾಗ ಕಪಾಟಿನ ಹಿಂದಿನಿಂದ ಒಂದು ಗಾಜಿನ ಬಾಟಲಿ ಸಿಕ್ಕಿತು. ಒಳಗೆ ಒಣಮಣ್ಣು. ಚೀಟಿಯ ಮೇಲೆ ಆಕೆಯ ದುಂಡು ಅಕ್ಷರ: ‘ಜ. ಕೆರೆ ಅಂಗಳ. ಸೋಮವಾರ ತೆಗೆದದ್ದು.’ ಕೆಳಗೆ ಕನ್ನಡ ಅಂಕಿಯಲ್ಲಿ ತಾರೀಖು. ಅದೇ ಸೋಮವಾರ.

ಮರುದಿನ ನ್ಯಾಮತಿಗೆ ಹೋದೆ. ಆಕೆ ಈಗ ಬಸ್ ನಿಲ್ದಾಣದ ಎದುರಿನ ಬೀಜ ಗೊಬ್ಬರದ ಅಂಗಡಿಯಲ್ಲಿ ಪೊಟ್ಟಣ ತೂಗಿ ಚೀಟಿ ಅಂಟಿಸುವ ಕೆಲಸದಲ್ಲಿದ್ದರು. ಬಾಟಲಿ ತೋರಿಸಿದೆ.

“ಹಸಿರಾಗ್ತೈತೇನ್ರೀ ಇನ್ನೂ?” ಎಂದರು.

“ನೀರು ಹಾಕಿ ನೋಡಿಲ್ಲ. ನಿಮ್ಮನ್ನು ಕೇಳಲು ಬಂದೆ. ಆ ದಿನ ನೀವು...”

“ಕೇಳಾಕೆ ಬಂದ್ರೇನು?” ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಅವತ್ತು ನಾನು ಹೇಳಿದ್ದನ್ನ ನಂಬಲಿಲ್ಲ. ಇವತ್ತು ಹೇಳಿದ್ರೆ ನಂಬ್ತೀರಾ? ನನ್ನ ಮಾತೂ ಬ್ಯಾಡ, ನಿಮ್ಮ ನೆನಪೂ ಬ್ಯಾಡ. ಪುಸ್ತಕ ನೋಡ್ರಿ ಅಂದಿದ್ದೆ, ಈಗಾದ್ರೂ ನೋಡ್ರಿ.” ಆಮೇಲೆ, ನಾನು ಹೊರಡುವಾಗ, “ಇಲ್ಲಿ ಎಲ್ಲಾ ಕನ್ನಡದಾಗೇ ಬರೀತೀನ್ರೀ. ತಲೆ ಕಾಲು ತಿಳೀತೈತೆ” ಎಂದರು. ಅದು ಚುಚ್ಚುಮಾತೋ ಬರೀ ಸುದ್ದಿಯೋ ನನಗೆ ಗೊತ್ತಾಗಲಿಲ್ಲ.

ಸಂಜೆಯ ಹೊತ್ತಿಗೆ ಹೊನ್ನಾಳಿಗೆ ಬಂದು ಗುಮಾಸ್ತರನ್ನು ಕೇಳಿಕೊಂಡೆ. ಮುಗಿದುಹೋದ ಯೋಜನೆಯ ಕಾಗದ ಈಗ್ಯಾಕೆ ಎಂದು ಗೊಣಗುತ್ತ ಅವರು ಕಟ್ಟು ಬಿಚ್ಚಿದರು. ಹಾಜರಿ ಪುಸ್ತಕದಲ್ಲಿ ಆ ಸೋಮವಾರ ಆಕೆಯ ಹೆಸರಿನ ಎದುರು ‘ರಜೆ’ ಎಂದಿತ್ತು. ಅದೇ ಪುಟಕ್ಕೆ ಆಕೆಯ ರಜೆ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದರು. ಚೀಟಿಯ ಕೆಳಗೆ ‘ಒಪ್ಪಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖು ನಮೂದಿಸಿದವನು ನಾನು. ತಾರೀಖಿನಲ್ಲಿ ಒಂದು ಎಂಟು ಇತ್ತು. ಅದರ ತಲೆ ಕೂಡಿರಲಿಲ್ಲ.